ದೊಡ್ಡಮಾವ ಹಾಕಿದ 40 ಸೆಕೆಂಡಿನ ವಿಡಿಯೋ

(ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪು, ಭಾನುವಾರ ಮಧ್ಯಾಹ್ನ)

ದೊಡ್ಡಮಾವ: ಮೇಲಿನ ವಿಡಿಯೋ ನೋಡಿ. ಹೀರೋ ಎಂಟ್ರಿ ಸೀನು, ಎಲ್ಲಾ ಸ್ಲೋ ಮೋಷನ್ನು. ಜೀಪಿನ ಬಾಗಿಲು ತೆಗೆಯೋಕೆ 12 ಸೆಕೆಂಡು. ಶೂ ನೆಲಕ್ಕೆ ಇಡೋಕೆ 8. ಕನ್ನಡಕ ಏರಿಸೋಕೆ 6. ಉಳಿದ ಟೈಮಲ್ಲಿ ಹತ್ತು ಜನ ಗಾಳಿಯಲ್ಲಿ. ಕಥೆ ಎಲ್ಲಿ ಹೋಯ್ತು?

ಪುಟ್ಟ: ಎರಡೂವರೆ ಗಂಟೆ ಸಿನಿಮಾದಿಂದ 40 ಸೆಕೆಂಡ್ ಕತ್ತರಿಸಿಕೊಂಡು ಕಥೆ ಎಲ್ಲಿ ಅಂದ್ರೆ ಹೇಗೆ ದೊಡ್ಡಮಾವ?

ದೊಡ್ಡಮಾವ: ಪೂರ್ತಿ ನೋಡಿದೀನಪ್ಪ. ಇಂಥದ್ದೇ ಇನ್ನೂ ಆರು ಸಲ ಬರುತ್ತೆ.

ಭಾವ: ಏಳು. ಇಂಟರ್ವಲ್ಲಿಗೆ ಮುಂಚಿನದು ಬಿಟ್ಟಿದ್ದೀರಿ.

ಚಿಕ್ಕಮ್ಮ: ನೀನೇನು ಕಮ್ಮಿ ಶಿಳ್ಳೆ ಹೊಡೆದಿದ್ಯಾ ಅಣ್ಣ? ಈಗ ದೊಡ್ಡ ವಿಮರ್ಶಕ.

ದೊಡ್ಡಮಾವ: ಹೊಡೆದಿದ್ದೀನಿ ತಾಯಿ. ಆದರೆ ಹೀರೋ ಏನಾದರೂ ಮಾಡಿದ ಮೇಲೆ. ಬಾಗಿಲು ತೆಗೆದಿದ್ದಕ್ಕಲ್ಲ.

ನಾನು: ಈ ಮಾತು ಒಪ್ಪುತ್ತೀನಿ. ಆದರೆ ತಪ್ಪು ಎಂಟ್ರಿ ಸೀನಿನದ್ದಲ್ಲ, ಸ್ಲೋ ಮೋಷನ್‌ದೂ ಅಲ್ಲ. ಜಪಾನಿನ ನಿರ್ದೇಶಕ ಕುರೊಸಾವಾ 1954ರಲ್ಲೇ ಎರಡನ್ನೂ ಬಳಸಿದ್ದಾರೆ. ‘ಸೆವೆನ್ ಸಮುರಾಯ್’ ನೋಡಿದ್ದೀರಾ? ಡಕಾಯಿತರ ಕಾಟ ತಡೆಯೋಕೆ ಹಳ್ಳಿಯವರು ಕತ್ತಿ ಹಿಡಿದು ಕಾದಾಡೋ ಯೋಧರಾದ ಸಮುರಾಯ್‌ಗಳನ್ನು ಹುಡುಕಿಕೊಂಡು ಹೊರಡುತ್ತಾರೆ. ದಾರಿಯಲ್ಲಿ ಒಂದು ಕಡೆ ಜನ ಸೇರಿದ್ದಾರೆ. ಒಬ್ಬ ಕಳ್ಳ ಮಗುವನ್ನು ಹಿಡಿದುಕೊಂಡು ಕೊಟ್ಟಿಗೆಯೊಳಗೆ ಸೇರಿಕೊಂಡಿದ್ದಾನೆ. ನೀರಿನ ದಂಡೆಯಲ್ಲಿ ವಯಸ್ಸಾದ ಸಮುರಾಯ್ ಒಬ್ಬ ಕೂತು ತಲೆ ಬೋಳಿಸಿಕೊಳ್ಳುತ್ತಿದ್ದಾನೆ. ಅವರಿಗೆ ಜುಟ್ಟು ಅಂದರೆ ಮಾನ. ಅದನ್ನು ತೆಗೆಸಿ, ಸನ್ಯಾಸಿಯ ಬಟ್ಟೆ ಎರವಲು ಪಡೆದು, ಎರಡು ಅನ್ನದ ಉಂಡೆ ಹಿಡಿದು ಬಾಗಿಲ ಹತ್ತಿರ ಹೋಗುತ್ತಾನೆ. ಉಂಡೆ ಒಳಗೆ ಎಸೆದು ತಾನೂ ನುಗ್ಗುತ್ತಾನೆ. ಒಳಗೆ ಏನಾಯ್ತು ಅಂತ ನಮಗೆ ತೋರಿಸೋದೇ ಇಲ್ಲ. ಕಳ್ಳ ಹೊರಗೆ ಬಂದು ಸ್ಲೋ ಮೋಷನ್ನಲ್ಲಿ ನೆಲಕ್ಕೆ ಬೀಳುತ್ತಾನೆ, ಅಷ್ಟೇ.

ಪುಟ್ಟ: ಒಂದ್ನಿಮಿಷ. ಸ್ಲೋ ಮೋಷನ್ ಹೀರೋಗಲ್ಲ, ಕಳ್ಳನಿಗಾ?

ನಾನು: ಹೂಂ. ಹೀರೋ ಒಂದು ಪಂಚ್ ಡೈಲಾಗೂ ಹೊಡೆಯಲ್ಲ. ಆದರೂ ಇವನೇ ನಮ್ಮನ್ನು ಕಾಯೋನು ಅಂತ ಹಳ್ಳಿಯವರಿಗೆ ಗೊತ್ತಾಗುತ್ತೆ. ನಮಗೂ ಗೊತ್ತಾಗುತ್ತೆ. ಗುರುತು ಪರಿಚಯ ಇಲ್ಲದ ಮಗುವಿಗೋಸ್ಕರ ಜುಟ್ಟು ಕೊಟ್ಟನಲ್ಲ!

ಅಕ್ಕ: ಸರಿ. ಹಾಗಂತ ತ್ಯಾಗ ಮಾಡಿದವರೆಲ್ಲ ಹೀರೋ ಅನ್ನಬೇಡ. ಒಳ್ಳೇತನದ ಗೊಂಬೆಗಳನ್ನು ನೋಡಿ ನೋಡಿ ಸಾಕಾಗಿದೆ. ನನಗೆ ಭಯ ಬೀಳೋ ಹೀರೋ ಬೇಕು. 1952ರ ‘ಹೈ ನೂನ್’ ಥರ. ಕೊಲೆಗಾರರು ತಮ್ಮ ನಾಯಕ ಬರೋ ರೈಲಿಗೆ ಕಾಯ್ತಿದ್ದಾರೆ, ಊರು ಕಾಯೋ ಅಧಿಕಾರಿ ಮಾರ್ಷಲ್ ಮನೆಮನೆಗೆ ಹೋಗಿ ಸಹಾಯ ಕೇಳುತ್ತಾನೆ, ಯಾರೂ ಬರಲ್ಲ. ಬೆವರುತ್ತಾ ಕೂತು ವಿಲ್ ಬರೀತಾನೆ. ಅದನ್ನು ನೋಡಿದ ಮೇಲೆ ಅವನು ಗನ್ ಎತ್ತಿದರೆ ಕೈ ನನಗೇ ನಡುಗುತ್ತೆ. ಹತ್ತು ಜನ ಗಾಳಿಯಲ್ಲಿ ಹಾರಿದರೆ ನನಗೇನೂ ಆಗಲ್ಲ, ಹೀರೋಗೆ ಏನೂ ಆಗಲ್ಲ ಅಂತ ಟಿಕೆಟ್ ತಗೊಳ್ಳುವಾಗಲೇ ಗೊತ್ತಲ್ವಾ.

ಪುಟ್ಟ: ನೀವೆಲ್ಲ ಹಳೇ ಸಿನಿಮಾನೇ ಹೇಳ್ತಿದ್ದೀರಿ. ಅಮೆರಿಕದ ಟಿವಿ ಸೀರೀಸ್ ‘ಬ್ರೇಕಿಂಗ್ ಬ್ಯಾಡ್’ 62 ಎಪಿಸೋಡ್ ಇದೆ. ಹೀರೋಗೆ ಕ್ಯಾನ್ಸರ್, ಮನೆಯವರಿಗೆ ದುಡ್ಡು ಬೇಕು ಅಂತ ಡ್ರಗ್ಸ್ ತಯಾರಿಸೋನು, ಭಯ ಬಿಟ್ಟು ಬಿಟ್ಟು ಕೆಟ್ಟೋನಾಗ್ತಾನೆ. ಅದೂ ಒಳ್ಳೇ ಕಥೇನೇ.

ದೊಡ್ಡಮಾವ: ಕಥೆ ಒಳ್ಳೇದಿರಬಹುದು. ಅವನನ್ನು ಹೀರೋ ಅನ್ನಬೇಡ.

ನಾನು: ಶುರುವಿನಲ್ಲೇ ಹಳೇ ಸ್ನೇಹಿತರು ಚಿಕಿತ್ಸೆ ಖರ್ಚು ಕೊಡ್ತೀವಿ ಅಂತಾರೆ. ಸೊಕ್ಕಿನಿಂದ ಬೇಡ ಅಂತಾನೆ. ಅಲ್ಲಿಗೆ ‘ಎಲ್ಲಾ ಮನೆಯವರಿಗೋಸ್ಕರ’ ಅನ್ನೋ ನೆಪ ಮುಗೀತು. ಬರೆದವರಿಗೆ ಅದು ಗೊತ್ತಿದೆ. ನೋಡೋರಲ್ಲಿ ಕೆಲವರು ಮಾತ್ರ ಕೊನೇವರೆಗೂ ಅವನಿಗೆ ಜೈ ಅಂತಾರೆ. ಪುಟ್ಟ, ನಿನ್ನ ಡಿಪಿ ಯಾರದ್ದು?

ಪುಟ್ಟ: ಡಿಪಿ ವಿಷಯ ಬೇಡ.

ದೊಡ್ಡಮಾವ: ಜಪಾನು ಅಮೆರಿಕ ಸುತ್ತಿದ್ದು ಸಾಕು. 1972, ‘ಬಂಗಾರದ ಮನುಷ್ಯ’. ಅಕ್ಕನ ಸಂಸಾರಕ್ಕೆ ಜೀವ ತೇಯ್ದವನು ಆ ರಾಜೀವ. ಕೊನೆಗೆ ಅಕ್ಕನ ಮಗನೇ ಅನುಮಾನ ಪಡ್ತಾನೆ. ಒಂದು ಮಾತು ಆಡದೆ ಮನೆ ಬಿಟ್ಟು ಹೋಗ್ತಾನೆ. ಹೊಡೆದಾಟವಿಲ್ಲ, ಭಾಷಣವಿಲ್ಲ. ಇಡೀ ಥಿಯೇಟರು ಅಳ್ತಿತ್ತು.

ಚಿಕ್ಕಮ್ಮ: ಸಿಕ್ಕಿಬಿದ್ದೆ ಅಣ್ಣ! ನನ್ನ ಸೀರಿಯಲ್ ನೋಡಿ ದಿನಾ ಏನಂತೀಯಾ? ‘ಆ ಹುಡುಗಿ ಒಂದು ಮಾತು ಹೇಳಿದ್ರೆ ಕಥೆ ಮುಗೀತಿತ್ತು, ಸುಮ್ನೆ ಅಳ್ತಾ ನಿಂತಿದಾಳೆ’ ಅಂತ. ನಿನ್ನ ಹೀರೋ ಬಾಯಿ ಬಿಡದಿದ್ರೆ ಬಂಗಾರ, ನನ್ನ ಹುಡುಗಿ ಬಿಡದಿದ್ರೆ ಪೆದ್ದಿ. ಯಾವ ನ್ಯಾಯ?

(ಇಲ್ಲಿ ಹತ್ತು ನಿಮಿಷ ಯಾರೂ ಏನೂ ಹಾಕಲಿಲ್ಲ. ದೊಡ್ಡಮಾವ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಾಣುತ್ತಿತ್ತು.)

ಭಾವ: ಚಿಕ್ಕಮ್ಮ ಸಿಕ್ಸರ್.

ನಾನು: ನಿಜಕ್ಕೂ ಒಳ್ಳೇ ಪ್ರಶ್ನೆ. ನನಗನ್ನಿಸೋದು, ಸುಮ್ಮನಿರೋಕೆ ಕಾರಣ ಯಾರದ್ದು ಅಂತ ನೋಡಬೇಕು. ರಾಜೀವ ಬಾಯಿಬಿಟ್ಟು ಸಮರ್ಥಿಸಿಕೊಂಡರೆ ಇಷ್ಟು ವರ್ಷ ಮಾಡಿದ್ದಕ್ಕೆ ಲೆಕ್ಕ ಒಪ್ಪಿಸಿದ ಹಾಗಾಗುತ್ತೆ. ಅದು ಅವನ ಕೈಲಿ ಆಗಲ್ಲ. ಸುಮ್ಮನೆ ಹೋಗೋದು ಅವನ ಸ್ವಭಾವ. ಸೀರಿಯಲ್ ಹುಡುಗಿ ಸುಮ್ಮನಿರೋದು ನಾಳೆ ಎಪಿಸೋಡ್ ಬೇಕು ಅಂತ. ಆ ಕಾರಣ ಅವಳದ್ದಲ್ಲ, ಚಾನೆಲ್‌ದು. ಜೀಪಿನ ಬಾಗಿಲೂ ಅಷ್ಟೇ. ನಿಧಾನವಾಗಿ ತೆಗೆಯೋದು ಆ ಪಾತ್ರವಲ್ಲ, ಸ್ಟಾರ್.

ಚಿಕ್ಕಮ್ಮ: ನಿನ್ನ ಅರ್ಥ ನೀನೇ ಸೇರಿಸಿಕೊಂಡೆ. ರಾಜೀವ ನಿನಗೆ ಬಂದು ಹೇಳಿದ್ನಾ? ಹೇಳಬಹುದಿತ್ತು ಅಂತ ನನಗೆ ಇವತ್ತಿಗೂ ಅನ್ಸುತ್ತೆ. ಅವನು ಹೋದ ಮೇಲೆ ಆ ಅಕ್ಕ ಹೇಗೆ ಬದುಕಬೇಕು? ಅದನ್ನು ಯೋಚಿಸಿದ್ನಾ?

ಅಕ್ಕ: ಇದನ್ನ ನಾನೂ ಯಾವತ್ತೂ ಯೋಚಿಸಿರಲಿಲ್ಲ.

ದೊಡ್ಡಮಾವ: ಐವತ್ತು ವರ್ಷದಿಂದ ಅತ್ತವನು ನಾನು. ಯೋಚಿಸೋಕೆ ಬಿಡುವಿರಲಿಲ್ಲ.

ಚಿಕ್ಕಮ್ಮ: ನನ್ನ ಹುಡುಗಿ ವಿಷಯಕ್ಕೂ ಒಂದು ಒಪ್ಪಿಕೊಳ್ತೀನಿ. ಮೊನ್ನೆ ಬಾಗಿಲಲ್ಲಿ ಅತ್ತೆ ನಿಂತಿದ್ದು ಸೋಮವಾರ. ಒಳಗೆ ಕಾಲಿಟ್ಟಿದ್ದು ಗುರುವಾರ. ಅಷ್ಟು ಹೊತ್ತೂ ಎಲ್ಲರ ಮುಖ ಮೂರು ಮೂರು ಸಲ ತೋರಿಸಿದ್ರು, ಗುಡುಗಿನ ಸದ್ದು ಬೇರೆ.

ಭಾವ: ಜೀಪಿನ ಬಾಗಿಲು ವಾಸಿ.

ದೊಡ್ಡಮಾವ: ಆ ಜುಟ್ಟಿನ ಸಿನಿಮಾ ಎಷ್ಟು ಉದ್ದ?

ನಾನು: 207 ನಿಮಿಷ. ಕಪ್ಪು ಬಿಳುಪು. ಜಪಾನೀಸ್.

ದೊಡ್ಡಮಾವ: ಮೂರೂವರೆ ಗಂಟೆ! ನನ್ನನ್ನ ಮಲಗಿಸೋಕೆ ಪ್ಲಾನು.

(ರಾತ್ರಿ 11.20)

ದೊಡ್ಡಮಾವ: ಎದ್ದಿದ್ದೀಯೇನೋ?

ನಾನು: ಹೇಳಿ ದೊಡ್ಡಮಾವ.

ದೊಡ್ಡಮಾವ: ಆ ಮುದುಕ ಆಮೇಲೂ ತಲೆ ಸವರಿಕೊಳ್ತಾನೇ ಇರ್ತಾನಲ್ಲೋ. ಮಾತಾಡುವಾಗ, ಯೋಚನೆ ಮಾಡುವಾಗ. ಕೂದಲು ಹೋಗಿದ್ದು ಕೈಗೆ ಇನ್ನೂ ಅಭ್ಯಾಸ ಆಗಿಲ್ಲ.

ನಾನು: ಹೌದು ದೊಡ್ಡಮಾವ.

ದೊಡ್ಡಮಾವ: ಇನ್ನೂ ಒಂದು ಗಂಟೆ ಇದೆ. ಯಾರು ಸಾಯ್ತಾರೆ ಅಂತ ಒಬ್ಬರೂ ಇಲ್ಲಿ ಹಾಕಬೇಡಿ.