ಅಪ್‌ಡೇಟ್: 1840ರ ರೂಪಾಯಿ, ಕೊನೆಗೆ ಎಕ್ಸ್‌ಎಫ್ 45

ಈಸ್ಟ್ ಇಂಡಿಯಾ ಕಂಪನಿಯ 1840ರ ವಿಕ್ಟೋರಿಯಾ ರೂಪಾಯಿ ಎರಡರಲ್ಲಿ ಯಾವುದನ್ನು ಕೊಳ್ಳಲಿ ಎಂದು ಹಿಂದೆ ಕೇಳಿದ್ದೆ: ಎನ್‌ಜಿಸಿಯ ‘ಎಯು ಡೀಟೇಲ್ಸ್, ಕ್ಲೀನ್ಡ್’ (ಸವೆತ ತೀರಾ ಕಡಿಮೆ, ಆದರೆ ಉಜ್ಜಿ ತೊಳೆದದ್ದು) ಅಥವಾ ಪಿಸಿಜಿಎಸ್‌ನ ಎಕ್ಸ್‌ಎಫ್ 45 (ಅದಕ್ಕಿಂತ ತುಸು ಹೆಚ್ಚು ಸವೆದದ್ದು). ಎನ್‌ಜಿಸಿ, ಪಿಸಿಜಿಎಸ್ ಎರಡೂ ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಸಂಸ್ಥೆಗಳು. ಎರಡನೆಯದನ್ನೇ ತೆಗೆದುಕೊಂಡೆ.

ಮೊದಲನೆಯದು ಫೋಟೋದಲ್ಲೇನೋ ಫಳಫಳ. ಒಂಟಿ ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಮಾತ್ರ ರಾಣಿಯ ಮುಖದ ಮುಂದಿನ ಖಾಲಿ ಜಾಗದಲ್ಲಿ ಒಂದೇ ದಿಕ್ಕಿನ ನವಿರು ಗೀರುಗಳು ಕಾಣುತ್ತವೆ. ಉಜ್ಜಿ ಕಳೆದ ಟಂಕಸಾಲೆಯ ಹೊಳಪು ಮರಳದು. ಡೀಟೇಲ್ಸ್ ನಾಣ್ಯಕ್ಕೆ ಅಂಕಿಯ ಗ್ರೇಡೂ ಇಲ್ಲ, ಮಾರುವಾಗ ಚೌಕಾಸಿ ಖಚಿತ. ಎಕ್ಸ್‌ಎಫ್‌ನಲ್ಲಿ ಕೂದಲ ಎಳೆ ಸ್ವಲ್ಪ ಸವೆದಿದೆ, ಆದರೆ ಬೂದು ಬಣ್ಣ ಸಹಜವಾದದ್ದು.

ಸ್ಲ್ಯಾಬ್ (ಸಂಸ್ಥೆ ನಾಣ್ಯವನ್ನು ಸೀಲ್ ಮಾಡಿ ಕೊಡುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ) ಒಡೆಯದೆ, ಈ ರೂಪಾಯಿಗೆ ಇರಬೇಕಾದ 11.66 ಗ್ರಾಂ ತೂಕ ಇದೆಯೇ ಎಂದು ನೋಡಲಾಗದು. ಹಾಗಾಗಿ ಅಸಲಿಯೇ ಎಂದು ತಿಳಿಯಲು ಲೇಬಲ್ ನಂಬರನ್ನು ಸಂಸ್ಥೆಯ ಜಾಲತಾಣದಲ್ಲಿ ನೋಡಿ, ಅಲ್ಲಿ ಫೋಟೋ ಇದ್ದರೆ ಕಲೆ, ಗೀರುಗಳನ್ನೂ ಹೋಲಿಸಿ. ನಕಲಿ ಸ್ಲ್ಯಾಬಿನ ಮೇಲೆ ಅಸಲಿ ನಂಬರು ಇರಬಹುದು. ನಾಣ್ಯವನ್ನು ಕೆಡಿಸುವ ಪಿವಿಸಿ (ಮೆದು ಪ್ಲಾಸ್ಟಿಕ್) ಕವರಿನಲ್ಲಂತೂ ಇಡಬೇಡಿ.