ಹದಿಹರೆಯದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಧೈರ್ಯ ಹೇಳಿದರೆ ಕೇಸ್ ಬೀಳುತ್ತಾ? (ಬೆಳಗಾವಿ)

ಕಿತ್ತೂರು_ದಾರಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಮತ್ತು ನನ್ನ ಗೆಳತಿ ಬೆಳಗಾವಿಯಿಂದ ಒಂದು ಇನ್‌ಸ್ಟಾಗ್ರಾಂ ಪೇಜ್ ನಡೆಸುತ್ತೇವೆ. ತಾವು ಗೇ, ಲೆಸ್ಬಿಯನ್, ಟ್ರಾನ್ಸ್ ಅಂತ ಮನೇಲಿ ಬಾಯಿ ಬಿಡಲಾಗದ ಹುಡುಗ ಹುಡುಗಿಯರು ಅಲ್ಲಿಗೆ ಬರೆಯುತ್ತಾರೆ. ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ. ಹೆಸರು ತೆಗೆದು ಪತ್ರ ಹಾಕುತ್ತೇವೆ, ಕೆಳಗೆ ಉಳಿದವರು ಧೈರ್ಯ ಹೇಳುತ್ತಾರೆ. ಅಷ್ಟೇ ಕೆಲಸ. ಬರೆಯುವವರಲ್ಲಿ ಪಿಯುಸಿ ಮಕ್ಕಳೇ ಜಾಸ್ತಿ.

ಹೋದ ವಾರ ಒಬ್ಬ ಹುಡುಗನ ತಂದೆ ಅವನ ಫೋನ್ ನೋಡಿದ್ದಾರೆ. "ನನ್ನ ಮಗನ ತಲೆ ಕೆಡಿಸಿದವರು ನೀವೇ, ಪೋಕ್ಸೊ ಹಾಕಿಸ್ತೀನಿ" ಅಂತ ವಾಯ್ಸ್ ಮೆಸೇಜ್ ಬಂತು. (ಪೋಕ್ಸೊ ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ.) ಮರುದಿನ ಯಾರೋ ಫೋನ್ ಮಾಡಿ, ಠಾಣೆಯಿಂದ ಅಂತ ಹೇಳಿ, "ಸಂಜೆ ಬಂದು ಹೋಗಮ್ಮ" ಅಂದರು. ಏನು ದೂರು ಅಂತ ಕೇಳಿದರೆ ಹೇಳಲಿಲ್ಲ. ನಾನು ಹೋಗಿಲ್ಲ.

ಅವತ್ತಿನಿಂದ ರಷ್ಯಾದ ಎಲೆನಾ ಕ್ಲಿಮೋವಾ ಅವರ ಕಥೆ ತಲೆಯಿಂದ ಹೋಗುತ್ತಿಲ್ಲ. ನಿಜ್ನಿ ತಾಗಿಲ್ ಅನ್ನೋ ಊರಿನ ಪತ್ರಕರ್ತೆ. 2013ರಲ್ಲಿ 'ಮಕ್ಕಳು-404' ಅನ್ನೋ ಆನ್‌ಲೈನ್ ಗುಂಪು ಶುರು ಮಾಡಿದರು, ನಾವು ಮಾಡುವುದೂ ಅದನ್ನೇ. ಅದೇ ವರ್ಷ ಜೂನ್‌ನಲ್ಲಿ, 18 ತುಂಬದವರಿಗೆ ಇಂಥ ವಿಷಯ ಒಳ್ಳೆಯ ರೀತಿಯಲ್ಲಿ ಹೇಳುವುದೇ 'ಪ್ರಚಾರ' ಅಂತ ದಂಡ ಹಾಕುವ ಕಾನೂನು ಅಲ್ಲಿ ಬಂತು. 2014ರಲ್ಲಿ ಅವರ ಮೇಲೆ ಹಾಕಿದ ಕೇಸ್ ಕೋರ್ಟಿನಲ್ಲಿ ಬಿದ್ದುಹೋಯಿತು. ಬಿಟ್ಟರಾ? ಇಲ್ಲ. 2015ರ ಜನವರಿಯಲ್ಲಿ 50,000 ರೂಬಲ್ ದಂಡ, ಅದೇ ವರ್ಷ ಗುಂಪಿನ ಪುಟವನ್ನೇ ಬ್ಲಾಕ್ ಮಾಡಿದರು. ಅವರಿಗೆ ಕೊಲೆ ಬೆದರಿಕೆಗಳೂ ಬರುತ್ತಿದ್ದವು. ಬೆದರಿಕೆ ಹಾಕಿದವರ ಪ್ರೊಫೈಲ್ ಫೋಟೊಗಳ ಮೇಲೆ ಎಲೆನಾ ಅವರವರ ಮಾತನ್ನೇ ಬರೆದು ಹಾಕಿದ್ದರು. ನಗುನಗುತ್ತಾ ನಿಂತವರ ಫೋಟೊ, ಅದರ ಮೇಲೆ ಅಂಥ ಮಾತು. ಅದನ್ನು ನೋಡಿ ನನಗೆ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಪೇಜ್ ಮುಚ್ಚಿಬಿಡೋಣ ಅಂತ ಗೆಳತಿ ಹೇಳುತ್ತಿದ್ದಾಳೆ. ಮುಚ್ಚಿದರೆ ನಡುರಾತ್ರಿ ಬರೆಯುವ ಆ ಮಕ್ಕಳು ಎಲ್ಲಿಗೆ ಹೋಗಬೇಕು? ನಮ್ಮಲ್ಲೂ ರಷ್ಯಾದ ಹಾಗೆ ಕೇಸ್ ಹಾಕಬಹುದಾ? ಕಾನೂನು ಗೊತ್ತಿರುವವರು ಹೇಳಿ.

ಕರಿಕೋಟು_ಬೆಳಗಾವಿ:

ಮೊದಲು ಗಾಬರಿ ಬಿಡಿ ತಂಗಿ. ನಾನು ಇಲ್ಲಿನ ಕೋರ್ಟಿನಲ್ಲಿ ಕ್ರಿಮಿನಲ್ ಕೇಸ್ ನಡೆಸುವವನು.

ರಷ್ಯಾದಂಥ ಕಾನೂನು ನಮ್ಮಲ್ಲಿ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಹಳೇ ದಂಡ ಸಂಹಿತೆಯ (ಐಪಿಸಿ) 377ನೇ ಕಲಂ, ಅಂದರೆ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಕಲಂ, ಅನ್ವಯಿಸುವುದಿಲ್ಲ ಅಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ (ಬಿಎನ್‌ಎಸ್) ಆ ಕಲಮೇ ಇಲ್ಲ. 'ಹೆದರಬೇಡ, ನಿನ್ನಂಥವರು ಬೇಕಾದಷ್ಟು ಜನ ಇದ್ದಾರೆ' ಅಂತ ಒಂದು ಮಗುವಿಗೆ ಹೇಳಿದರೆ ಅದು ಯಾವ ಕಲಮಿನಲ್ಲೂ ಅಪರಾಧ ಅಲ್ಲ.

ಆದರೆ ಕೇಸ್ ನಿಲ್ಲೋದಿಲ್ಲ ಅನ್ನೋದು ಬೇರೆ, ಕೇಸೇ ಹಾಕೋದಿಲ್ಲ ಅನ್ನೋದು ಬೇರೆ. ಆನ್‌ಲೈನ್‌ನಲ್ಲಿ ಮನನೋಯಿಸುವ ಮಾತು ಬರೆದರೆ ಅಪರಾಧ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರ ಮಾರ್ಚ್‌ನಲ್ಲೇ ರದ್ದಾಯಿತು, ಆಮೇಲೂ ವರ್ಷಗಟ್ಟಲೆ ಅದೇ ಕಲಂ ಹಾಕಿ ಜನರನ್ನು ಅಲೆದಾಡಿಸಿದರು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು. ಅಲೆದಾಡಿಸುವುದೇ ಶಿಕ್ಷೆ ಆಗಿಬಿಡುತ್ತದೆ. ಅದಕ್ಕೇ ಇಷ್ಟು ಗೊತ್ತಿರಲಿ.

ಫೋನಿನಲ್ಲಿ 'ಬಂದು ಹೋಗು' ಅಂದರೆ ಹೋಗಬೇಕಾಗಿಲ್ಲ, ಬರಹದಲ್ಲಿ ನೋಟಿಸ್ ಕೊಡಿ ಅನ್ನಿ. ಸಾಕ್ಷಿ ಅಂತ ವಿಚಾರಿಸುವುದಿದ್ದರೆ ಬಿಎನ್‌ಎಸ್‌ಎಸ್ (ಪೊಲೀಸರು, ಕೋರ್ಟು ಹೇಗೆ ನಡೆಯಬೇಕು ಅನ್ನುವ ಹೊಸ ಕಾಯ್ದೆ) 179ರ ಪ್ರಕಾರ ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುವಂತಿಲ್ಲ, ಅವರೇ ಮನೆಗೆ ಬರಬೇಕು. ಆರೋಪಿ ಅಂತ ಕರೆದರೆ ಅದೇ ಕಾಯ್ದೆಯ 35(3)ರ ನೋಟಿಸ್ ಬರುತ್ತದೆ. ಅದು ಬಂದರೆ ಮಾತ್ರ ತಪ್ಪಿಸಬೇಡಿ, ತಪ್ಪಿಸಿದರೆ ಅದೇ ಬಂಧನಕ್ಕೆ ನೆಪ ಆಗುತ್ತದೆ. ವಕೀಲರ ಜೊತೆ ಹೋಗಿ. ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯ್ತು. ಎಫ್‌ಐಆರ್ ಆಗಿಯೇ ಬಿಟ್ಟರೆ ರದ್ದು ಮಾಡಿಸಲು ಧಾರವಾಡ ಹೈಕೋರ್ಟ್ ಪೀಠ ಇದೆ.

ಹೈಸ್ಕೂಲ್_ಮಾಸ್ತರ:

ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಆ ತಂದೆಯ ಜಾಗದಲ್ಲಿ ನಿಂತು ನೋಡಿ. ಮುಖ ಗೊತ್ತಿಲ್ಲದ ದೊಡ್ಡವರು ಹದಿನಾರರ ಮಗನ ಜೊತೆ ನಡುರಾತ್ರಿ ಚಾಟ್ ಮಾಡುತ್ತಿದ್ದಾರೆ ಅಂದರೆ ಯಾರಿಗಾದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವನು ಗೇ ಅನ್ನೋದು ನನಗೆ ತೊಂದರೆ ಅಲ್ಲ. ಪೇಜಿಗೆ '18 ವರ್ಷ ಮೇಲ್ಪಟ್ಟವರಿಗೆ ಮಾತ್ರ' ಅಂತ ಹಾಕಿಬಿಡಿ, ಮುಗೀತಲ್ಲ?

ಮಲಪ್ರಭಾ_ದಂಡೆ:

ಮಾಸ್ತರರೇ, ಹಾಗೆ ಮುಗಿಯೋದಿಲ್ಲ. ರಷ್ಯಾದ ಕೊಮ್ಸೊಮೊಲ್ಸ್ಕ್ ಊರಿನ ಕಲಾವಿದೆ ಯೂಲಿಯಾ ಸ್ವೆತ್ಕೋವಾ ತಮ್ಮ ಗುಂಪುಗಳಿಗೆ 18+ ಅಂತಲೇ ಹಾಕಿದ್ದರು. 2019ರ ಡಿಸೆಂಬರ್‌ನಲ್ಲಿ ಅವರಿಗೂ 50,000 ರೂಬಲ್ ದಂಡ ಬಿತ್ತು. ಹೆಣ್ಣಿನ ದೇಹದ ಚಿತ್ರ ಬರೆದದ್ದಕ್ಕೆ ಅಶ್ಲೀಲತೆಯ ಕೇಸ್ ಬೇರೆ, ತಿಂಗಳುಗಟ್ಟಲೆ ಗೃಹಬಂಧನ. ಖುಲಾಸೆ ಆಗಿದ್ದು 2022ರ ಜುಲೈನಲ್ಲಿ. ಅಲ್ಲಿ ಒಂದೊಂದೇ ಗೆರೆ ಮುಂದೆ ಹೋಯಿತು. ಮೊದಲು ಮಕ್ಕಳಿಗೆ ಹೇಳಬಾರದು ಅಂದರು, 2022ರ ಡಿಸೆಂಬರ್‌ನಲ್ಲಿ ಯಾರಿಗೂ ಹೇಳಬಾರದು ಅಂದರು, 2023ರ ನವೆಂಬರ್‌ನಲ್ಲಿ ಈ ಚಳವಳಿಯೇ ಉಗ್ರವಾದ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮಕ್ಕಳ ಹೆಸರು ಹೇಳಿಕೊಂಡು ಶುರುವಾದದ್ದು ಎಲ್ಲಿಗೆ ಬಂದು ನಿಂತಿತು ನೋಡಿ.

ಇನ್ನೊಂದು ಮಾತು. 18 ಆದವರಿಗೆ ಮಾತ್ರ ಅಂದರೆ 16ರವನು ಏನು ಮಾಡಬೇಕು? ನಾನು ಸವದತ್ತಿ ಕಡೆಯವನು. ನಮ್ಮೂರಲ್ಲಿ ಜೋಗಪ್ಪ (ಎಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಟ್ಟವರು) ಕೊಡ ಹೊತ್ತು ಬಂದರೆ ಮನೆ ಮಂದಿಯೆಲ್ಲ ಕಾಲಿಗೆ ಬೀಳುತ್ತಾರೆ. 2021ರಲ್ಲಿ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಅವರು ಪದ್ಮಶ್ರೀ ತಗೊಳ್ಳುವಾಗ ಟಿವಿ ಮುಂದೆ ಕೂತು ಅಪ್ಪ ಚಪ್ಪಾಳೆ ಹೊಡೆದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಹೇಳಿಬಿಡಲೇ ಅನ್ನಿಸಿತು, ಬಾಯಿ ಬರಲಿಲ್ಲ. ಆಗ ನನಗೆ ಕನ್ನಡದಲ್ಲಿ ಹೀಗೊಂದು ಪೇಜ್ ಸಿಕ್ಕಿದ್ದರೆ ಎಷ್ಟೋ ರಾತ್ರಿ ಅಳುವುದು ತಪ್ಪುತ್ತಿತ್ತು. ಅಕ್ಕಾ, ಮುಚ್ಚಬೇಡಿ.

ಕಿತ್ತೂರು_ದಾರಿ:

ಮಾಸ್ತರರ ಮಾತು ಕಡೆಗಣಿಸುವಂಥದ್ದಲ್ಲ. ಖಾಸಗಿ ಚಾಟ್ ಬಗ್ಗೆ ನನಗೂ ಅಳುಕಿದೆ. ವಕೀಲ ಸಾಹೇಬ್ರೆ, ಯಾವುದು ಮಾಡಬಹುದು, ಯಾವುದು ಮಾಡಬಾರದು? ಮೊನ್ನೆ ಒಬ್ಬ ಹುಡುಗಿ 'ಮನೆ ಬಿಟ್ಟು ಬೆಂಗಳೂರಿಗೆ ಹೋಗ್ತೀನಿ, ಬಸ್ಸಿಗೆ ದುಡ್ಡು ಹಾಕ್ತೀರಾ' ಅಂತ ಕೇಳಿದಳು.

ಕರಿಕೋಟು_ಬೆಳಗಾವಿ:

ದುಡ್ಡು ಹಾಕಬೇಡಿ! ಅಪಾಯ ಇರುವುದೇ ಅಲ್ಲಿ. 18 ತುಂಬದವರನ್ನು ಪೋಷಕರ ಒಪ್ಪಿಗೆ ಇಲ್ಲದೆ ಮನೆಯಿಂದ ಕರೆದುಕೊಂಡು ಹೋದರೆ ಅಥವಾ ಪುಸಲಾಯಿಸಿದರೆ ಬಿಎನ್‌ಎಸ್ 137ರಲ್ಲಿ ಅಪಹರಣ, ಏಳು ವರ್ಷದವರೆಗೆ ಶಿಕ್ಷೆ. ಹಳೇ ಐಪಿಸಿಯಲ್ಲಿ ಹುಡುಗರಿಗೆ 16 ಇತ್ತು, ಈಗ ಹುಡುಗ ಹುಡುಗಿ ಇಬ್ಬರಿಗೂ 18. ನೀವು ಕಳಿಸಿದ ಬಸ್ ಚಾರ್ಜನ್ನೇ ಪುಸಲಾಯಿಸಿದ್ದಕ್ಕೆ ಸಾಕ್ಷಿ ಅಂತ ತೋರಿಸುತ್ತಾರೆ. ಅವಳಿಗೆ ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098ರ ನಂಬರ್ ಕೊಡಿ, ಮಕ್ಕಳ ಕಲ್ಯಾಣ ಸಮಿತಿ ಇದೆ ಅಂತ ಹೇಳಿ. ಸಾಯುವ ಮಾತಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ.

ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಗುಟ್ಟಾಗಿ ಚಾಟ್ ಮಾಡುವುದು ಬೇಡ. ಉತ್ತರ ನಿಮಗೂ ನಿಮ್ಮ ಗೆಳತಿಗೂ ಕಾಣುವ ಖಾತೆಯಿಂದಲೇ ಹೋಗಲಿ, ಒಂದು ಮೆಸೇಜೂ ಅಳಿಸಬೇಡಿ. ಆ ದಾಖಲೆಯೇ ನಾಳೆ ನಿಮ್ಮನ್ನು ಕಾಪಾಡುವುದು. ಮಕ್ಕಳಿಂದ ಫೋಟೊ ಕೇಳಲೇಬೇಡಿ. ಒಬ್ಬೊಬ್ಬರೇ ಭೇಟಿ ಆಗುವುದೂ ಬೇಡ.

ಹೆಸರು ತೆಗೆದರೆ ಸಾಲದು. 'ಬೈಲಹೊಂಗಲ, ಪಿಯುಸಿ ಸೈನ್ಸ್, ಅಪ್ಪ ಬಸ್ ಕಂಡಕ್ಟರ್' ಅಂತ ಬರೆದರೆ ಊರಿಗೆಲ್ಲ ಗೊತ್ತಾಯಿತು. ಊರು, ಕಾಲೇಜು, ಅಪ್ಪನ ಕೆಲಸ ಎಲ್ಲ ತೆಗೆಯಿರಿ.

ಮುಖ್ಯವಾದದ್ದು ಇದು: ಯಾವುದಾದರೂ ಮಗು 'ದೊಡ್ಡವರೊಬ್ಬರು ನನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು' ಅಂತ ಬರೆದರೆ, ಪೋಕ್ಸೊ 19ರ ಪ್ರಕಾರ ನೀವು ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟು ಕಾಪಾಡುತ್ತೇನೆ ಅಂತ ಮಾತು ಕೊಟ್ಟು ಸುಮ್ನಿದ್ದರೆ 21ನೇ ಕಲಂ ನಿಮ್ಮ ಮೇಲೇ ಬರುತ್ತದೆ. ಈ ನಿಯಮವನ್ನು ಪೇಜಿನ ಮೇಲ್ಭಾಗದಲ್ಲೇ ಹಾಕಿ, ಮಕ್ಕಳಿಗೂ ಬರೆಯುವ ಮುಂಚೆ ಗೊತ್ತಿರಬೇಕು.

ಆ ತಂದೆಗೆ ಬೈಯಲು ಹೋಗಬೇಡಿ. ವಾಯ್ಸ್ ಮೆಸೇಜ್ ಇಟ್ಟುಕೊಳ್ಳಿ. ಮಾತಾಡುವ ಮನಸ್ಸು ಅವರಿಗಿದ್ದರೆ ಒಬ್ಬ ಮನೋವೈದ್ಯರ ಮುಂದೆ ಕೂತು ಮಾತಾಡೋಣ ಅನ್ನಿ.

ಹೈಸ್ಕೂಲ್_ಮಾಸ್ತರ:

ಇಷ್ಟು ಕಟ್ಟುನಿಟ್ಟು ಇದ್ದರೆ ನನ್ನ ತಕರಾರು ಇಲ್ಲ. ಆ ತಂದೆಯ ಜೊತೆ ಮಾತಾಡಲು ಒಬ್ಬ ಹಿರಿಯರು ಬೇಕು ಅನ್ನಿಸಿದರೆ ಕರೆಯಿರಿ, ನಾನು ಬರುತ್ತೇನೆ.

ಕಿತ್ತೂರು_ದಾರಿ:

ಮಾಸ್ತರರೇ, ಖಂಡಿತ ಕರೆಯುತ್ತೇನೆ. ಪೇಜ್ ಮುಚ್ಚುತ್ತಿಲ್ಲ, ಗೆಳತಿಯೂ ಒಪ್ಪಿದಳು. ಇವತ್ತು ಹಳೇ ಪತ್ರಗಳಿಂದ ಊರಿನ ಹೆಸರು ತೆಗೆಯುತ್ತಾ ಕೂತಿದ್ದೇವೆ. ಸೋಮವಾರ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತೇವೆ. ವಕೀಲ ಸಾಹೇಬ್ರೆ, ಆಧಾರ್ ಬಿಟ್ಟು ಬೇರೆ ಏನು ತರಬೇಕು?

ಕರಿಕೋಟು_ಬೆಳಗಾವಿ:

ಆಧಾರ್ ಪ್ರತಿ, ಆ ಕರೆ ಬಂದ ನಂಬರ್ ಮತ್ತು ಸಮಯ, ತಂದೆ ಕಳಿಸಿದ ಮೆಸೇಜ್ ಒಂದು ಪೆನ್‌ಡ್ರೈವ್‌ನಲ್ಲಿ. ನಡೆದದ್ದನ್ನೆಲ್ಲ ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದು ತನ್ನಿ. ಬೆಳಿಗ್ಗೆ ಬೇಗ ಬನ್ನಿ, ಮಧ್ಯಾಹ್ನದ ಮೇಲೆ ಗದ್ದಲ ಜಾಸ್ತಿ.