ಅಜ್ಜಿಮನೆಗೆ ಹೊರಟ ಮಕ್ಕಳು ಮತ್ತು ಕಾಡುಹಣ್ಣು

ಬೇಸಿಗೆ ರಜೆಗೆ ಮಕ್ಕಳನ್ನು ಸಾಗರದ ಅಜ್ಜಿಮನೆಗೆ ಕಳಿಸುತ್ತಿದ್ದೇವೆ, ವಿಷದ ಹಣ್ಣು ಗುರುತಿಸೋದು ಹೇಗೆ ಎಂದು ಕೇಳಿದ್ದೀರಿ. ನಾನು ಮಲೆನಾಡಿನಲ್ಲೇ ಬೆಳೆದವಳು. ನಮ್ಮಲ್ಲಿ ನಡೆದುಬಂದದ್ದನ್ನು ಹೇಳುತ್ತೇನೆ.

ಬಣ್ಣ ನೋಡಿ, ಹಾಲು ನೋಡಿ ತೀರ್ಮಾನ ಮಾಡಬೇಡಿ. ಕವಳಿ ಕಿತ್ತರೆ ತೊಟ್ಟಿನಿಂದ ಅಂಟು ಹಾಲು ಒಸರುತ್ತದೆ, ಆದರೂ ಅದನ್ನು ಬೊಗಸೆಗಟ್ಟಲೆ ತಿನ್ನುತ್ತೇವೆ. ಕೇಪಳದ ಕೆಂಪು ಹಣ್ಣೂ ತಿನ್ನುವಂಥದ್ದೇ. ಬೇಲಿಗೆ ಹಬ್ಬುವ ಲಿಂಗತೊಂಡೆಯೂ ಕೆಂಪೇ, ಮೈಮೇಲೆ ಬಿಳಿ ಗೀರು. ನೋಡಲು ಎಷ್ಟು ಚೆಂದ, ಆದರೆ ವಿಷ. ಹಕ್ಕಿ ತಿಂದರೆ ನಾವೂ ತಿನ್ನಬಹುದು ಅನ್ನೋದಂತೂ ಪೂರ್ತಿ ತಪ್ಪು. ಕಾಸರಕದ ಕಿತ್ತಳೆ ಬಣ್ಣದ ಹಣ್ಣಿನ ತಿರುಳನ್ನು ಮಂಗಟ್ಟೆ ಹಕ್ಕಿ ತಿನ್ನುತ್ತದೆ. ಒಳಗಿನ ಚಪ್ಪಟೆ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ.

ನನಗೆ ಜಾಸ್ತಿ ಭಯ ಗುಲಗಂಜಿಯದು. ಕೆಂಪು ಮೈ, ಕಪ್ಪು ಕಣ್ಣು, ಕಂಡ ಮಕ್ಕಳು ಜೇಬಿಗೆ ಹಾಕಿಕೊಳ್ಳದೆ ಬಿಡುವುದಿಲ್ಲ. ಸಿಪ್ಪೆ ಗಟ್ಟಿ, ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗಿಬಿಡಬಹುದು. ಜಗಿದರೆ, ಅಥವಾ ಸರ ಪೋಣಿಸಲು ತೂತು ಮಾಡಿದ ಬೀಜವಾದರೆ, ಒಳಗಿನ ಅಬ್ರಿನ್ ಎಂಬ ವಿಷ ಮೈಗೆ ಸೇರುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ವಾಂತಿ, ಭೇದಿ ಶುರುವಾಗಲು ಹಲವು ಗಂಟೆ ಹಿಡಿಯಬಹುದು. ಹಾಗಾಗಿ ಮಗು ಆಡಿಕೊಂಡೇ ಇದೆಯಲ್ವಾ ಎಂದು ಮನೆಯಲ್ಲಿ ಕಾಯುತ್ತಾ ಕೂರಬೇಡಿ.

ಇನ್ನೊಂದು ಕಾಡುಹರಳು. ಬೇಲಿಗೆಂದೇ ನೆಡುತ್ತಾರೆ. ಬೀಜ ಬಾಯಿಗೆ ರುಚಿ ಅನಿಸುತ್ತದೆ, ಒಬ್ಬ ತಿಂದು ಉಳಿದವರಿಗೂ ಹಂಚುತ್ತಾನೆ. ಆಮೇಲೆ ಇಡೀ ಗುಂಪಿಗೇ ವಾಂತಿ. ಅಂಗಳದ ಹಳದಿ ಕಣಗಿಲೆಯ ಕಾಯಿಯೂ ಬೇಡ, ಹೃದಯಕ್ಕೇ ಕುತ್ತು.

ನಮ್ಮ ಮನೆಯಲ್ಲಿ ಒಂದೇ ಕಟ್ಟುನಿಟ್ಟು: ಕಿತ್ತದ್ದನ್ನು ದೊಡ್ಡವರಿಗೆ ತೋರಿಸದೆ ಬಾಯಿಗಿಡುವಂತಿಲ್ಲ. ದೊಡ್ಡವರಿಗೂ ಅದರ ಹೆಸರು ಗೊತ್ತಿಲ್ಲ ಎಂದರೆ ಎಸೆಯಬೇಕು. ಹೋದ ದಿನವೇ ಅಜ್ಜಿಯ ಜೊತೆ ಮಕ್ಕಳನ್ನು ಬೇಲಿಯುದ್ದಕ್ಕೂ ಒಂದು ಸುತ್ತು ಕಳಿಸಿ. ತಿನ್ನುವ ನಾಲ್ಕು ಹಣ್ಣನ್ನು ಅಜ್ಜಿಯೇ ಕೈಯಾರೆ ಕಿತ್ತು ಕೊಡಲಿ. ಸುಮ್ನೆ ಎಲ್ಲದಕ್ಕೂ ಬೇಡ ಬೇಡ ಅಂದರೆ ಮಕ್ಕಳು ಕದ್ದು ತಿನ್ನುತ್ತವೆ.

ಅಕಸ್ಮಾತ್ ತಿಂದಿದ್ದರೆ ಬಾಯಲ್ಲಿ ಉಳಿದದ್ದನ್ನು ತೆಗೆದು ಬಾಯಿ ತೊಳೆಸಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಎಲೆ, ಕಾಯಿ ಎರಡೂ ಇರುವ ಒಂದು ಟೊಂಗೆ ಮುರಿದು ಜೊತೆಗೆ ಒಯ್ಯಿರಿ, ಏನು ತಿಂದಿದೆ ಎಂದು ಡಾಕ್ಟರಿಗೆ ಬೇಗ ತಿಳಿಯುತ್ತದೆ.